ಓಬೆರಾನ್‌ಗೆ ಮರುಕ ಹುಟ್ಟುವುದು ಯಾವಾಗ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಶೇಕ್ಸ್‌ಪಿಯರ್‌ನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕ ಆಡುತ್ತಿದ್ದೇವೆ. ನನಗೆ ಕಿನ್ನರ ರಾಜ ಓಬೆರಾನ್‌ನ ಪಾತ್ರ ಸಿಕ್ಕಿದೆ. ಎಲ್ಲರ ಜಗಳ ಬಿಡಿಸಿ, ಜೋಡಿಗಳನ್ನು ಸೇರಿಸಿ, ಕೊನೆಗೆ ಹರಸಿ ಹೋಗುವ ದೊಡ್ಡ ಮನಸ್ಸಿನ ರಾಜ ಅವನು ಅಂತ ನಮ್ಮ ಮೇಷ್ಟ್ರು ಹೇಳ್ತಾರೆ. ಟೈಟಾನಿಯಾ ಪಾತ್ರ ಮಾಡುವ ಗೆಳತಿ ಮಾತ್ರ, "ಸ್ವಂತ ಹೆಂಡತಿಗೆ ಮದ್ದು ಹಾಕಿ ಕತ್ತೆಯ ಹಿಂದೆ ಅಲೆಸಿದವನು ಎಂಥಾ ಒಳ್ಳೆಯವನು?" ಅಂತ ಕೇಳ್ತಾಳೆ. ಇಬ್ಬರ ಮಾತೂ ಸರಿ ಅನಿಸುತ್ತದೆ. ಅವನನ್ನು ಒಳ್ಳೆಯವನಾಗಿ ಆಡಲೋ, ಕೆಟ್ಟವನಾಗಿ ಆಡಲೋ?

ಉತ್ತರ: ನಿಮ್ಮ ಗೆಳತಿಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಈ ನಾಟಕವನ್ನು ತುಂಬಾ ವರ್ಷ ಪಾಠ ಮಾಡಿದ್ದೇನೆ, ಹುಡುಗರ ಜೊತೆ ತಾಲೀಮಿನಲ್ಲೂ ಕೂತಿದ್ದೇನೆ. ಓಬೆರಾನ್ ಪಾತ್ರ ಕೈಗೆ ಬಂದ ಕೂಡಲೇ ಹುಡುಗರು ಮಾಡುವ ಮೊದಲ ಕೆಲಸ ಎದೆ ಸೆಟೆದು, ದನಿ ದಪ್ಪ ಮಾಡಿಕೊಂಡು, ಎಲ್ಲ ಬಲ್ಲ ದೇವರ ಹಾಗೆ ನಿಲ್ಲುವುದು. ಹಾಗೆ ನಿಂತರೆ ಪಾತ್ರ ಅಲ್ಲಿಗೇ ಮುಗಿಯಿತು. ಅವನು ಎಲ್ಲ ಬಲ್ಲವನಲ್ಲ. ಒಂದೇ ರಾತ್ರಿಯಲ್ಲಿ ಎರಡು ತಪ್ಪು ಮಾಡುತ್ತಾನೆ. ಒಂದನ್ನು ತಿದ್ದುತ್ತಾನೆ. ಇನ್ನೊಂದನ್ನು ತಪ್ಪು ಅಂತಲೇ ಒಪ್ಪುವುದಿಲ್ಲ.

'ಮನೆಗೆ ಮಾರಿ, ಊರಿಗೆ ಉಪಕಾರಿ' ಅನ್ನುವ ಗಾದೆ ನಿಮಗೂ ಗೊತ್ತಿರುತ್ತದೆ. ಓಬೆರಾನ್ ಅಂದರೆ ನನಗೆ ಮೊದಲು ನೆನಪಾಗುವುದು ಅದೇ. ಯಾರಿಂದ ತನಗೆ ಏನೂ ಬೇಕಾಗಿಲ್ಲವೋ ಅವರ ಮೇಲೆ ಅವನಿಗೆ ತಕ್ಷಣ ಮರುಕ ಹುಟ್ಟುತ್ತದೆ. ಯಾರಿಂದ ಏನೋ ಬೇಕಾಗಿದೆಯೋ, ಅದು ಕೈಗೆ ಬರುವ ತನಕ ಅವರ ನೋವು ಅವನ ಕಣ್ಣಿಗೇ ಬೀಳುವುದಿಲ್ಲ. ನಾಟಕದ ಮಾತುಗಳನ್ನೇ ಹಿಡಿದು ಇದನ್ನು ನೋಡೋಣ.

ಅವನು ರಂಗಕ್ಕೆ ಬರುವುದು ಎರಡನೇ ಅಂಕದಲ್ಲಿ, ಬರುತ್ತಲೇ ಜಗಳ. 'ಬೆಳದಿಂಗಳಲ್ಲಿ ಎಂಥಾ ಕೆಟ್ಟ ಭೇಟಿ, ಸೊಕ್ಕಿನ ಟೈಟಾನಿಯಾ' ಅನ್ನುತ್ತಾನೆ. 'ನಾನು ನಿನ್ನ ಒಡೆಯ ಅಲ್ಲವೇ?' ಅಂತ ಅವನು ಕೇಳಿದರೆ, ಹಾಗಾದರೆ ನಾನು ನಿನ್ನ ಒಡತಿಯಾಗಿರಬೇಕಲ್ಲ ಅಂತ ಅವಳು ತಿರುಗಿಸಿ ಕೊಡುತ್ತಾಳೆ. ನೀನು ಕುರುಬನ ವೇಷ ಹಾಕಿ ಫಿಲಿಡಾಗೆ ಪ್ರೇಮಗೀತೆ ಹಾಡಿದವನು, ಈಗ ಇಂಡಿಯಾದಿಂದ ಇಲ್ಲಿಯವರೆಗೆ ಬಂದಿರುವುದೂ ಅಥೆನ್ಸಿನ ದೊರೆ ಥೀಸಿಯಸ್‌ನನ್ನು ಮದುವೆಯಾಗಲಿರುವ ಹಿಪ್ಪೊಲಿಟಾಳ ಮೇಲಿನ ಆಸೆಗೇ ಅನ್ನುತ್ತಾಳೆ. ನಿನಗೆ ಥೀಸಿಯಸ್‌ನ ಮೇಲೆ ಮನಸ್ಸಿರುವುದು ನನಗೆ ಗೊತ್ತಿಲ್ಲವೇ ಅಂತ ಅವನು. ಬಹಳ ದಿನದಿಂದ ಒಳಗೇ ಬೇಯುತ್ತಿದ್ದ ಸಂಸಾರ ಇದು.

ಇಲ್ಲಿ ಟೈಟಾನಿಯಾ ಒಂದು ಉದ್ದದ ಮಾತು ಆಡುತ್ತಾಳೆ. ನಮ್ಮ ಜಗಳದಿಂದ ಊರೇ ಹಾಳಾಗಿದೆ ಅನ್ನುತ್ತಾಳೆ. ಮಂಜು ಕವಿದು ಮಳೆ ಸುರಿದು ಹೊಳೆಗಳು ದಡ ಮೀರಿವೆ. ಎತ್ತು ನೊಗ ಎಳೆದದ್ದು ದಂಡ, ರೈತ ಬೆವರು ಸುರಿಸಿದ್ದು ದಂಡ. ಪೈರು ತೆನೆಗೆ ಮೀಸೆ ಬರುವ ಮೊದಲೇ ಕೊಳೆತಿದೆ. ಮುಳುಗಿದ ಹೊಲದಲ್ಲಿ ಕುರಿಹಟ್ಟಿ ಖಾಲಿ ನಿಂತಿದೆ, ರೋಗ ಬಂದು ಸತ್ತ ಕುರಿ ತಿಂದು ಕಾಗೆಗಳು ಕೊಬ್ಬಿವೆ. ಹುಲ್ಲಿನ ಮೇಲೆ ಕೊರೆದ ಆಟದ ಮನೆಗಳಲ್ಲಿ ಕೆಸರು ತುಂಬಿದೆ. ಅದು ನಮ್ಮ ಸಾಲುಮನೆ ಆಟದಂಥದ್ದೇ, ಒಬ್ಬೊಬ್ಬರಿಗೆ ಒಂಬತ್ತು ಕಾಯಿ. ಇದಕ್ಕೆಲ್ಲ ತಂದೆ ತಾಯಿ ನಾವೇ ಅನ್ನುತ್ತಾಳೆ.

ನಾಟಕ ಬರೆದದ್ದು ಸುಮಾರು 1595–96ರಲ್ಲಿ ಅಂತ ಲೆಕ್ಕ. ಆ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಸಾಲಾಗಿ ಬೇಸಿಗೆ ಕೆಟ್ಟಿತ್ತು. ಮಳೆ ನಿಲ್ಲದೆ ಬೆಳೆ ಕೊಳೆತು, ಕಾಳಿನ ಬೆಲೆ ಏರಿ, ಜನ ಹಸಿದಿದ್ದರು. ಅಂದರೆ ಅವತ್ತಿನ ಪ್ರೇಕ್ಷಕರಿಗೆ ಇದು ಬರೀ ಕವಿಯ ವರ್ಣನೆ ಆಗಿರಲಿಲ್ಲ. ಅವರ ಊಟದ ತಟ್ಟೆಯ ವಿಷಯ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತೇವಲ್ಲ, ಇಲ್ಲಿ ಇಡೀ ನಾಡೇ ಕೂಸು.

ಇದಕ್ಕೆ ರಾಜನ ಉತ್ತರ ಏನು? 'ಹಾಗಾದರೆ ನೀನೇ ಸರಿಮಾಡು, ಅದು ನಿನ್ನ ಕೈಲೇ ಇದೆ. ನಾನು ಕೇಳುತ್ತಿರುವುದು ಒಬ್ಬ ಚಿಕ್ಕ ಹುಡುಗನನ್ನು ಅಷ್ಟೇ.' ರಾಜನಾದವನ ಬಾಯಲ್ಲಿ ಬರಬಾರದ ಮಾತು ಇದು. ಕಷ್ಟ ಇದೆ ಅಂತ ಅವನು ಅಲ್ಲಗಳೆಯುವುದಿಲ್ಲ. ಅದರ ಅರ್ಧ ಭಾರ ತನ್ನದು ಅಂತಲೂ ಒಪ್ಪುವುದಿಲ್ಲ. ನನ್ನ ಕಣ್ಣಿಗೆ ಕತ್ತೆಯ ಪ್ರಸಂಗಕ್ಕಿಂತ ಇದೇ ದೊಡ್ಡ ದೋಷ.

ಆ ಹುಡುಗ ಯಾರು? ಇಂಡಿಯಾದ ರಾಜನಿಂದ ಕದ್ದು ತಂದ ಮಗು ಅಂತ ಓಬೆರಾನ್‌ನ ಊಳಿಗದ ಕಿನ್ನರ ಪಕ್ ಹೇಳುತ್ತಾನೆ. ಟೈಟಾನಿಯಾ ಹೇಳುವ ಕಥೆಯೇ ಬೇರೆ. ಹುಡುಗನ ತಾಯಿ ಅವಳ ಭಕ್ತೆ, ಗೆಳತಿ. ಸಂಬಾರದ ಘಮ ತುಂಬಿದ ಇಂಡಿಯಾದ ರಾತ್ರಿಗಾಳಿಯಲ್ಲಿ ಇಬ್ಬರೂ ಹರಟುತ್ತಿದ್ದರು. ಕಡಲ ತೀರದ ಹಳದಿ ಮರಳಿನ ಮೇಲೆ ಕೂತು ಹಡಗುಗಳನ್ನು ನೋಡುತ್ತಿದ್ದರು. ಗಾಳಿಗೆ ಬಸುರಾದ ಹಾಗೆ ಹೊಟ್ಟೆ ಉಬ್ಬಿಸಿಕೊಂಡ ಹಾಯಿಗಳನ್ನು ಕಂಡು ನಗುತ್ತಿದ್ದರು. ಆಗ ಆ ಗೆಳತಿಯೂ ಬಸುರಿ. ಹಡಗಿನ ಹಾಗೇ ತೇಲುತ್ತಾ ನಡೆದು ಹೋಗಿ, ಸಣ್ಣಪುಟ್ಟ ಸಾಮಾನು ಆರಿಸಿಕೊಂಡು, ದೂರದೇಶದಿಂದ ಸರಕು ತಂದ ಠೀವಿಯಲ್ಲಿ ವಾಪಸು ಬರುತ್ತಿದ್ದಳಂತೆ. ಇಷ್ಟು ಹೇಳಿ ಮಾತು ತಟ್ಟನೆ ಇಳಿಯುತ್ತದೆ. ಅವಳು ಮನುಷ್ಯಳು, ಆ ಮಗುವನ್ನು ಹೆತ್ತು ಸತ್ತಳು. 'ಅವಳಿಗೋಸ್ಕರ ಅವಳ ಮಗನನ್ನು ಸಾಕುತ್ತಿದ್ದೇನೆ. ಅವಳಿಗೋಸ್ಕರ ಅವನನ್ನು ಬಿಟ್ಟುಕೊಡುವುದಿಲ್ಲ.'

ನಾಟಕ ಮೊದಲು ಅಚ್ಚಾದದ್ದು 1600ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿದ್ದೂ ಅದೇ ವರ್ಷದ ಡಿಸೆಂಬರ್ ಕೊನೆಗೆ. ಶೇಕ್ಸ್‌ಪಿಯರ್‌ಗೆ ನಮ್ಮ ದೇಶ ಅಂದರೆ ಮೆಣಸು, ಹಡಗು, ದೂರ, ಇಷ್ಟೇ. ಆದರೂ ಆ ಬಸುರಿಯ ನಡಿಗೆ ಮತ್ತು ನಗು ಎಷ್ಟು ಹತ್ತಿರದಿಂದ ಕಂಡ ಹಾಗಿದೆ ನೋಡಿ. ಇಡೀ ನಾಟಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲುಗಳು ಇವೇ.

ಈಗ ನಿಮ್ಮ ಪುಸ್ತಕ ತೆಗೆದು, ಇದಕ್ಕೆ ಓಬೆರಾನ್‌ನ ಮುಂದಿನ ಮಾತು ಏನಿದೆ ಅಂತ ನೋಡಿ. 'ಈ ಕಾಡಿನಲ್ಲಿ ಇನ್ನೆಷ್ಟು ದಿನ ಇರುತ್ತೀಯ?' ಅಷ್ಟೇ! ಸತ್ತ ಗೆಳತಿಯ ಬಗ್ಗೆ ಒಂದು ಮಾತಿಲ್ಲ, ಒಂದು ನಿಟ್ಟುಸಿರಿಲ್ಲ. ಥೀಸಿಯಸ್‌ನ ಮದುವೆ ಮುಗಿಯುವವರೆಗೆ ಇರಬಹುದು, ನಮ್ಮ ಜೊತೆ ತಾಳ್ಮೆಯಿಂದ ಕುಣಿಯುವುದಾದರೆ ನೀನೂ ಬಾ ಅಂತ ಅವಳೇ ಕರೆಯುತ್ತಾಳೆ. 'ಆ ಹುಡುಗನನ್ನು ಕೊಡು, ಬರುತ್ತೇನೆ' ಅನ್ನುತ್ತಾನೆ. ಅವಳು ಎದ್ದು ಹೋಗುತ್ತಾಳೆ. ಈ ಸೇಡಿಗೆ ನಿನ್ನನ್ನು ಹಿಂಸೆಪಡಿಸದೆ ಬಿಡುವುದಿಲ್ಲ ಅಂತ ಅವಳ ಬೆನ್ನ ಹಿಂದೆ ಹೇಳುತ್ತಾನೆ.

ಹುಡುಗ ಅವನಿಗೆ ಯಾಕೆ ಬೇಕು? ತನ್ನ ಹಿಂದೆ ಓಡಾಡುವ ಊಳಿಗದ ಹುಡುಗನಾಗಿ ಇರಲಿ ಅಂತ ಅವನೇ ಹೇಳುತ್ತಾನೆ. ಪಕ್ ಇನ್ನೂ ಸ್ಪಷ್ಟವಾಗಿ ಹೇಳುತ್ತಾನೆ: ರಾಣಿ ಆ ಮಗುವಿಗೆ ಹೂ ಮುಡಿಸಿ, ಅವನೇ ತನ್ನ ಸಂತೋಷ ಅಂತ ಇದ್ದಾಳೆ, ರಾಜನಿಗೆ ಹೊಟ್ಟೆಕಿಚ್ಚು. ಮಗುವಿನ ಮೇಲೆ ಪ್ರೀತಿ ಇದೆ ಅಂತ ಓಬೆರಾನ್ ಎಲ್ಲೂ ಹೇಳುವುದಿಲ್ಲ. ಆ ಹುಡುಗನಿಗೆ ನಾಟಕದಲ್ಲಿ ಒಂದು ಮಾತಿಲ್ಲ, ಹೆಸರೂ ಇಲ್ಲ.

ಇಷ್ಟು ಕೇಳಿ, ಹಾಗಾದರೆ ಕೆಟ್ಟವನಾಗಿಯೇ ಆಡುತ್ತೇನೆ ಅಂದುಕೊಳ್ಳಬೇಡಿ. ಸ್ವಲ್ಪ ತಡೆಯಿರಿ.

ಒಂದು ಹೂವಿದೆ, ಅದರ ರಸವನ್ನು ಮಲಗಿದವರ ಕಣ್ಣಿಗೆ ಹಿಂಡಿದರೆ, ಎದ್ದಾಗ ಮೊದಲು ಕಂಡವರಿಗೆ ಮರುಳಾಗುತ್ತಾರೆ. ಅದನ್ನು ತರಲು ಪಕ್‌ನನ್ನು ಕಳಿಸಿ ಓಬೆರಾನ್ ಒಬ್ಬನೇ ನಿಂತಿದ್ದಾನೆ. ಮನಸ್ಸಿನ ತುಂಬಾ ಸೇಡು. ಆಗ ಅಥೆನ್ಸಿನ ಯುವಕ ಡಿಮೀಟ್ರಿಯಸ್ ಬರುತ್ತಾನೆ, ಹಿಂದೆಯೇ ಅವನನ್ನು ಪ್ರೀತಿಸುವ ಹೆಲೆನಾ. 'ನಿನ್ನನ್ನು ನೋಡಿದರೆ ನನಗೆ ಮೈಗೆ ಆಗುವುದಿಲ್ಲ' ಅಂತ ಅವನು ಬಯ್ಯುತ್ತಾನೆ. 'ನಾನು ನಿನ್ನ ನಾಯಿ, ಹೊಡೆದಷ್ಟೂ ನಿನ್ನ ಕಾಲು ಸುತ್ತುತ್ತೇನೆ' ಅನ್ನುತ್ತಾಳೆ ಅವಳು. ಕಾಡುಪ್ರಾಣಿಗಳ ಬಾಯಿಗೆ ಬಿಟ್ಟು ಹೋಗುತ್ತೇನೆ ಅಂತ ಹೆದರಿಸಿ ಅವನು ಓಡುತ್ತಾನೆ. ಓಬೆರಾನ್ ಇವರ ಕಣ್ಣಿಗೆ ಕಾಣುವುದಿಲ್ಲ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಆಮೇಲೆ ಅವಳ ಬೆನ್ನಿಗೆ ಹೇಳುತ್ತಾನೆ: ಹೋಗಿ ಬಾ ತಾಯಿ, ಈ ಕಾಡು ದಾಟುವ ಮೊದಲು ನೀನು ತಪ್ಪಿಸಿಕೊಂಡು ಓಡಬೇಕು, ಅವನು ನಿನ್ನ ಹಿಂದೆ ಬೀಳಬೇಕು, ಹಾಗೆ ಮಾಡುತ್ತೇನೆ. ('ತಾಯಿ' ಅನ್ನುವುದು ನಾನು ಸೇರಿಸಿದ್ದು. ಮೂಲದಲ್ಲಿ ವನದೇವತೆ ಅನ್ನುವಂಥ ಮಾತಿದೆ. ಆದರೆ ದನಿಯಲ್ಲಿ ಇರುವ ಅಕ್ಕರೆ ಅದೇ.)

ಅವನನ್ನು ಯಾರೂ ಬೇಡಿಕೊಂಡಿರಲಿಲ್ಲ. ಅವಳು ಯಾರೋ ಏನೋ. ಇದರಿಂದ ಅವನಿಗೆ ಕಾಸಿನ ಲಾಭವಿಲ್ಲ, ಮಾಡಿದವನು ಯಾರು ಅಂತ ಹೆಲೆನಾಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆದರೂ ತನ್ನ ಕೆಲಸದ ನಡುವೆ ನಿಂತು ಈ ಕೆಲಸ ಮೈಮೇಲೆ ಹಾಕಿಕೊಳ್ಳುತ್ತಾನೆ. ನಿಮ್ಮ ಮೇಷ್ಟ್ರು ಹೇಳುವ ದೊಡ್ಡ ಮನಸ್ಸು ಇದೇ. ಅದು ನಿಜವಾದದ್ದು, ತೋರಿಕೆಯಲ್ಲ. ಕೆಲವೇ ನಿಮಿಷದ ಕೆಳಗೆ ಹೆಂಡತಿಯನ್ನು ಹಿಂಸಿಸುವ ಲೆಕ್ಕ ಹಾಕುತ್ತಿದ್ದವನೇ ಇವನು ಅನ್ನುವುದನ್ನು ಮಾತ್ರ ಮರೆಯಬೇಡಿ. ಆಡುವಾಗ ಈ ಎರಡರ ನಡುವೆ ಉಸಿರು ಎಳೆದುಕೊಳ್ಳಲೂ ಸಮಯ ತೆಗೆದುಕೊಳ್ಳಬಾರದು. ಒಂದೇ ಮನಸ್ಸಿನಿಂದ ಎರಡೂ ಬರಬೇಕು.

ಪಕ್ ಹೂ ತರುತ್ತಾನೆ. ಆ ಹೂವಿನ ಕಥೆಯಲ್ಲೇ ಒಂದು ಸಂಗತಿ ಇದೆ. ಪಶ್ಚಿಮದಲ್ಲಿ ಸಿಂಹಾಸನದ ಮೇಲಿದ್ದ ಕನ್ಯೆಯೊಬ್ಬಳಿಗೆ ಮನ್ಮಥ ಬಾಣ ಬಿಟ್ಟ, ಅದು ಅವಳಿಗೆ ತಾಗದೆ ಒಂದು ಬಿಳಿ ಹೂವಿಗೆ ತಾಗಿ ಹೂ ನೇರಳೆಯಾಯಿತು ಅಂತ ಓಬೆರಾನ್ ಹೇಳುತ್ತಾನೆ. ಹೂ ಅಂದರೆ ಕಾಡು ಪ್ಯಾನ್ಸಿ. ಕನ್ಯೆ ಅಂದರೆ ಆಗ ಆಳುತ್ತಿದ್ದ ಎಲಿಜಬೆತ್ ರಾಣಿ ಅಂತ ಎಲ್ಲರೂ ಓದುತ್ತಾರೆ. ಬಾಣ ತಾಗದ ಆ ರಾಣಿಯನ್ನು ಇವನು ಬಾಯಿ ತುಂಬಾ ಹೊಗಳುತ್ತಾನೆ. ಅದೇ ಬಾಣದ ವಿಷ ತಂದು ತನ್ನ ರಾಣಿಯ ಕಣ್ಣಿಗೆ ಹಿಂಡುತ್ತಾನೆ.

ಇಲ್ಲೇ ಅವನ ಹೆಸರಾಂತ ಮಾತು ಬರುವುದು. ಒಂದು ದಿಬ್ಬ ನನಗೆ ಗೊತ್ತು, ಅಲ್ಲಿ ಕಾಡು ಥೈಮ್ ಅರಳುತ್ತದೆ, ವಯೊಲೆಟ್ ತೂಗುತ್ತದೆ, ಬಳ್ಳಿಗಳು ಚಪ್ಪರ ಹಾಕಿವೆ, ಗುಲಾಬಿ ಘಮಿಸುತ್ತದೆ. ರಾತ್ರಿ ಸ್ವಲ್ಪ ಹೊತ್ತು ಟೈಟಾನಿಯಾ ಅಲ್ಲೇ ಮಲಗುತ್ತಾಳೆ. ಹಾವು ಕಳಚಿದ ಮಿನುಗುವ ಪೊರೆ ಅಲ್ಲಿ ಕಿನ್ನರಿಗೆ ಹೊದಿಕೆಯಾಗುವಷ್ಟು ಅಗಲ ಇರುತ್ತದೆ. ಹೆಂಡತಿ ಎಲ್ಲಿ ಮಲಗುತ್ತಾಳೆ, ಅಲ್ಲಿ ಯಾವ ಹೂ ಇದೆ ಅಂತ ಇಷ್ಟು ಬಲ್ಲವನಿಗೆ ಅವಳ ಮೇಲೆ ಪ್ರೀತಿ ಇಲ್ಲ ಅನ್ನಲಾಗುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ಮಾತು ತಿರುಗುತ್ತದೆ: ಈ ರಸವನ್ನು ಅವಳ ಕಣ್ಣಿಗೆ ಬಳಿದು, ತಲೆ ತುಂಬಾ ಹೇಸಿಗೆಯ ಭ್ರಮೆ ತುಂಬುತ್ತೇನೆ. ಕಾಲೇಜು ಹುಡುಗರು ಹೂವಿನ ಭಾಗವನ್ನು ಇಂಪಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾರೆ. ಕೊನೆಯ ಎರಡು ಸಾಲನ್ನು ನುಂಗಿಬಿಡುತ್ತಾರೆ. ನೀವು ನುಂಗಬೇಡಿ. ಹೂಗಳ ಹೆಸರು ಹೇಳಿದ ಮೆಲುದನಿಯಲ್ಲೇ ಅದನ್ನೂ ಹೇಳಿ.

ಹೆಲೆನಾಳ ವಿಷಯದಲ್ಲಿ ಪಕ್‌ಗೆ 'ಜೋಪಾನವಾಗಿ ಮಾಡು' ಅನ್ನುತ್ತಾನೆ. ಡಿಮೀಟ್ರಿಯಸ್ ಕಣ್ಣು ಬಿಟ್ಟಾಗ ಮೊದಲು ಅವಳೇ ಕಾಣಬೇಕು ಅಂತ ಒತ್ತಿ ಹೇಳುತ್ತಾನೆ. ಟೈಟಾನಿಯಾಳ ಕಣ್ಣಿಗೆ ತಾನೇ ರಸ ಹಿಂಡುವಾಗ ಹೇಳುವುದು: ಕಾಡುಬೆಕ್ಕೋ, ಕರಡಿಯೋ, ಚಿರತೆಯೋ, ಮುಳ್ಳುಕೂದಲ ಹಂದಿಯೋ, ಅಸಹ್ಯವಾದದ್ದು ಹತ್ತಿರ ಬಂದಾಗ ಏಳು. ಕತ್ತೆಯ ತಲೆ ಅವನ ಯೋಚನೆಯಲ್ಲ, ನೇಯ್ಗೆಯವನಾದ ಬಾಟಮ್‌ಗೆ ಅದನ್ನು ಅಂಟಿಸಿದ್ದು ಪಕ್. ಇಷ್ಟರ ಮಟ್ಟಿಗೆ ನಿಮ್ಮ ಗೆಳತಿಯ ಆರೋಪವನ್ನು ತಿದ್ದಬಹುದು. ಆದರೆ ಎದ್ದ ಟೈಟಾನಿಯಾ ಅವನಿಗೇ ಮರುಳಾದಳು ಅನ್ನುವ ಸುದ್ದಿ ಕೇಳಿ ಓಬೆರಾನ್, ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಯಿತು ಅಂತಲೇ ಸಂತೋಷಪಡುತ್ತಾನೆ.

ನೀವು ಇಂಗ್ಲಿಷಿನಲ್ಲೇ ಆಡುತ್ತಿದ್ದರೆ ಒಂದು ಗಮನಿಸಿ. ಜಗಳದ ಮಾತುಗಳು ಹತ್ತು ಅಕ್ಷರದ ಸಾಲುಗಳು. ರಸ ಹಿಂಡುವಾಗ ಸಾಲು ಏಳು ಅಕ್ಷರಕ್ಕೆ ಇಳಿಯುತ್ತದೆ, ಒತ್ತು ಮೊದಲ ಅಕ್ಷರಕ್ಕೇ ಬೀಳುತ್ತದೆ. ಅದು ಭಾಷಣವಲ್ಲ, ಮಂತ್ರ ಹಾಕುವ ಲಯ. ತುಟಿ ಹತ್ತಿರ ಇಟ್ಟುಕೊಂಡು ಹೇಳಿ.

ಇನ್ನು ಅವನ ಎರಡನೇ ತಪ್ಪು. ಅಥೆನ್ಸಿನ ಉಡುಪು ತೊಟ್ಟವನು ಸಿಗುತ್ತಾನೆ, ಅವನ ಕಣ್ಣಿಗೆ ರಸ ಹಾಕು ಅಂತ ಪಕ್‌ಗೆ ಹೇಳಿದ್ದ. ಅವತ್ತು ಕಾಡಿನಲ್ಲಿ ಅಂಥ ಉಡುಪು ತೊಟ್ಟ ಪ್ರೇಮಿಗಳು ಇಬ್ಬರಿದ್ದರು. ಪಕ್ ಇನ್ನೊಬ್ಬನಾದ ಲೈಸಾಂಡರ್‌ನ ಕಣ್ಣಿಗೆ ಹಾಕಿಬಿಟ್ಟ. ಹರ್ಮಿಯಾಳನ್ನು ಪ್ರಾಣದಂತೆ ಪ್ರೀತಿಸುತ್ತಿದ್ದವನು ಎದ್ದು ಹೆಲೆನಾಳ ಹಿಂದೆ ಓಡಿದ. ತಾನು ಕಂಡದ್ದೇ ಪೂರ್ತಿ ಅಂತ ನಂಬಿ ರಾಜ ಅಪ್ಪಣೆ ಕೊಟ್ಟಿದ್ದ, ಅದೇ ಮೂಲ. ಗೊತ್ತಾದಾಗ ಬಯ್ಯುವುದು ಪಕ್‌ನನ್ನು, ಎಷ್ಟು ಅಜಾಗ್ರತೆ ನಿನ್ನದು ಅಂತ. ಬಟ್ಟೆ ನೋಡಿ ಗುರುತಿಸು ಅಂದವರು ನೀವೇ ಅಲ್ವಾ ಅಂತ ಪಕ್ ನೆನಪಿಸಿದರೂ ಒಪ್ಪುವುದಿಲ್ಲ.

ಬಾಯಲ್ಲಿ ಒಪ್ಪದಿದ್ದರೂ ಕೈ ಸುಮ್ಮನಿರುವುದಿಲ್ಲ. ಗಾಳಿಗಿಂತ ಬೇಗ ಹೋಗಿ ಹೆಲೆನಾಳನ್ನು ಹುಡುಕಿ ತಾ ಅನ್ನುತ್ತಾನೆ. ಮಲಗಿದ್ದ ಡಿಮೀಟ್ರಿಯಸ್‌ನ ಕಣ್ಣಿಗೆ ತಾನೇ ರಸ ಹಿಂಡುತ್ತಾನೆ, ಅವನೂ ಎದ್ದು ಹೆಲೆನಾಳಿಗೆ ಮರುಳಾಗುತ್ತಾನೆ. ಇಬ್ಬರು ಗಂಡಸರು ಅವಳಿಗಾಗಿ ಕತ್ತಿ ಹಿರಿಯುವ ಹೊತ್ತಿಗೆ, ಮಂಜು ಕವಿಸು, ಒಬ್ಬನ ದನಿಯಲ್ಲಿ ಇನ್ನೊಬ್ಬನನ್ನು ಕರೆದು ದೂರ ಎಳೆ, ಸುಸ್ತಾಗಿ ಮಲಗುವವರೆಗೂ ಅಲೆಸು ಅಂತ ಒಂದೊಂದಾಗಿ ಹೇಳಿಕೊಡುತ್ತಾನೆ. ಲೈಸಾಂಡರ್‌ನ ಕಣ್ಣಿಗೆ ಪರಿಹಾರದ ಸೊಪ್ಪಿನ ರಸ ಕೊಡುತ್ತಾನೆ. 'ಈ ಮನುಷ್ಯರು ಎಂಥಾ ಪೆದ್ದರು' ಅಂತ ಪಕ್ ನಗುವ ದೃಶ್ಯದಲ್ಲೇ ಇಷ್ಟೆಲ್ಲ ನಡೆಯುವುದು. ಪಕ್‌ಗೆ ಅದು ತಮಾಷೆ, ರಾಜನಿಗೆ ಮುಗಿಸಲೇಬೇಕಾದ ಕೆಲಸ. ಒಬ್ಬರ ಮೈಮೇಲೂ ಗೀರು ಬೀಳಬಾರದು. ಬೆಳಗಾಗುತ್ತಿದೆ, ದೆವ್ವಗಳೆಲ್ಲ ಸಮಾಧಿಗೆ ಓಡುತ್ತಿವೆ ಅಂತ ಪಕ್ ಅವಸರ ಮಾಡಿದಾಗ, ನಾವು ಆ ಜಾತಿಯವರಲ್ಲ ಅನ್ನುತ್ತಾನೆ. ಮೂಡಣದ ಬಾಗಿಲು ಕೆಂಪಾಗಿ ತೆರೆದು, ಕಡಲಿನ ಹಸಿರು ಉಪ್ಪುನೀರು ಹೊನ್ನಾಗುವವರೆಗೂ ನಾನು ಇರಬಲ್ಲೆ ಅನ್ನುತ್ತಾನೆ. ಬೆಳಕಿಗೆ ಹೆದರದ ರಾಜ. ಈ ಸಾಲನ್ನು ಹೆಮ್ಮೆಯಿಂದಲೇ ಹೇಳಿ, ಅದಕ್ಕೆ ಅವನು ಅರ್ಹ.

ಡಿಮೀಟ್ರಿಯಸ್‌ನ ಕಣ್ಣಿನ ರಸವನ್ನು ಮಾತ್ರ ಕೊನೆಗೂ ತೆಗೆಯುವುದಿಲ್ಲ. ಮೊದಲು ಅವನು ಹೆಲೆನಾಳನ್ನೇ ಪ್ರೀತಿಸಿದ್ದವನು, ಹಾಗಾಗಿ ದಾರಿ ತಪ್ಪಿದವನು ಮನೆಗೆ ಬಂದ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ. ನಿಮಗೆ ಬೇರೆ ಅನಿಸಬಹುದು.

ಈಗ ನಾಲ್ಕನೇ ಅಂಕ, ನಿಮ್ಮ ಪಾತ್ರದ ಜೀವ ಇರುವ ಜಾಗ. ಟೈಟಾನಿಯಾ ಕತ್ತೆತಲೆಯವನನ್ನು ತಬ್ಬಿಕೊಂಡು ಮಲಗಿದ್ದಾಳೆ. 'ಅವಳ ಮರುಳು ನೋಡಿ ಈಗ ನನಗೆ ಮರುಕ ಬರುತ್ತಿದೆ' ಅನ್ನುತ್ತಾನೆ. ಅವಳು ಆ ಕತ್ತೆಯ ತಲೆಗೆ ಹೂ ಮುಡಿಸಿದ್ದಳು. ಮುತ್ತಿನ ಹಾಗೆ ಇರಬೇಕಾದ ಇಬ್ಬನಿ ಆ ಹೂಗಳ ಕಣ್ಣಲ್ಲಿ, ತಮಗಾದ ಅವಮಾನಕ್ಕೆ ಅಳುತ್ತಿರುವ ಕಣ್ಣೀರಿನ ಹಾಗೆ ನಿಂತಿತ್ತು ಅನ್ನುತ್ತಾನೆ. ಹೂವಿನ ಅವಮಾನ ಅವನಿಗೆ ಕಾಣುತ್ತದೆ. ಮುಂದೆ ಕೇಳಿ. ನಾನು ಮನಸ್ಸು ತಣಿಯುವಷ್ಟು ಅವಳನ್ನು ಹಂಗಿಸಿದೆ, ಅವಳು ತಗ್ಗಿದ ದನಿಯಲ್ಲಿ ಬೇಡಿಕೊಂಡಳು, ಆಗ ಹುಡುಗನನ್ನು ಕೇಳಿದೆ, ತಕ್ಷಣ ಕೊಟ್ಟುಬಿಟ್ಟಳು. 'ಈಗ ಹುಡುಗ ನನ್ನ ಕೈಲಿದ್ದಾನೆ, ಅವಳ ಕಣ್ಣಿನ ದೋಷ ತೆಗೆಯುತ್ತೇನೆ.'

ಸತ್ತ ಗೆಳತಿಗೋಸ್ಕರ ಸಾಕಿದ ಮಗು ಅದು. ಎಚ್ಚರವಿದ್ದಾಗ ನಿನ್ನ ರಾಜ್ಯವನ್ನೇ ಕೊಟ್ಟರೂ ಆಗದು ಅಂದಿದ್ದಳು. ಮದ್ದಿನ ಮತ್ತಿನಲ್ಲಿ ಕೊಟ್ಟಳು. ಅವನಿಗೆ ಮರುಕ ಹುಟ್ಟಿದ್ದು ಅದಾದ ಮೇಲೆ. ಹೆಂಡತಿ ಗಂಡನಿಗೆ ತಗ್ಗಿ ನಡೆಯುವುದೇ ಸರಿ ಅಂತ ನಂಬಿದ್ದ ಕಾಲ ಅದು, ಈಗಿನ ಕಣ್ಣಿನಲ್ಲಿ ಅಳೆಯಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಕಡಲ ತೀರದ ಮಾತುಗಳನ್ನು ಟೈಟಾನಿಯಾಳ ಬಾಯಲ್ಲಿ ಇಟ್ಟವನೂ ಅದೇ ಕಾಲದ ಕವಿ. ಅವಳ ನ್ಯಾಯ ನಮಗೆ ಕೇಳಿಸಲಿ ಅಂತಲೇ ಇಟ್ಟಿದ್ದಾನೆ.

ರಂಗದಲ್ಲಿ ಈ ಗಂಟನ್ನು ಒಬ್ಬೊಬ್ಬರು ಒಂದೊಂದು ರೀತಿ ಬಿಡಿಸಲು ನೋಡಿದ್ದಾರೆ. 1970ರಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಬಿಳಿ ಪೆಟ್ಟಿಗೆಯಂಥ ರಂಗದಲ್ಲಿ ಥೀಸಿಯಸ್ ಮತ್ತು ಓಬೆರಾನ್ ಎರಡೂ ಪಾತ್ರಗಳನ್ನು ಅಲನ್ ಹೊವರ್ಡ್ ಒಬ್ಬರ ಕೈಲೇ ಮಾಡಿಸಿದರು. ಹಗಲಿನ ರಾಜನ ಮನಸ್ಸಿನ ರಾತ್ರಿ ಭಾಗವೇ ಓಬೆರಾನ್ ಅನ್ನುವ ಹಾಗೆ. 2019ರಲ್ಲಿ ಲಂಡನ್ನಿನ ಬ್ರಿಡ್ಜ್ ಥಿಯೇಟರಿನಲ್ಲಿ ನಿಕೊಲಸ್ ಹೈಟ್ನರ್ ಓಬೆರಾನ್ ಮತ್ತು ಟೈಟಾನಿಯಾ ಇಬ್ಬರ ಮಾತುಗಳನ್ನೇ ಅದಲು ಬದಲು ಮಾಡಿದರು. ಅಲ್ಲಿ ರಸ ಬಿದ್ದದ್ದು ಓಬೆರಾನ್‌ನ ಕಣ್ಣಿಗೆ, ಬಾಟಮ್‌ನ ಹಿಂದೆ ಹೋದವನು ರಾಜ. ನಿಮ್ಮ ಗೆಳತಿಗೆ ಇದನ್ನು ಹೇಳಿ, ಅವಳ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಿದ್ದರು.

ನೀವು ಮಾತುಗಳನ್ನು ಬದಲಿಸಬೇಕಾಗಿಲ್ಲ. ಮೂಲದಲ್ಲೇ ಒಂದು ಜಾಗ ಖಾಲಿ ಇದೆ. ಎಚ್ಚರಗೊಂಡ ಟೈಟಾನಿಯಾ, ಕತ್ತೆಯನ್ನು ಪ್ರೀತಿಸಿದ ಹಾಗೆ ಕನಸು ಕಂಡೆ ಅನ್ನುತ್ತಾಳೆ. 'ಅಗೋ ಅಲ್ಲಿ ಮಲಗಿದ್ದಾನೆ ನಿನ್ನ ಪ್ರಿಯ' ಅಂತ ತೋರಿಸುತ್ತಾನೆ. ಇಬ್ಬರೂ ಕೈ ಹಿಡಿದು ಕುಣಿಯುತ್ತಾರೆ. ಹೊರಡುವಾಗ ಅವಳು ಕೇಳುತ್ತಾಳೆ: ಹಾರುತ್ತಾ ಹೋಗುವಾಗ ಹೇಳು, ಈ ಮನುಷ್ಯರ ನಡುವೆ ನೆಲದ ಮೇಲೆ ನಾನು ಮಲಗಿದ್ದು ಹೇಗೆ? ಓಬೆರಾನ್‌ಗೆ ಅಲ್ಲಿ ಉತ್ತರದ ಸಾಲಿಲ್ಲ. ಬೇಟೆಯ ಕೊಂಬು ಊದುತ್ತದೆ, ಹೊರಟುಹೋಗುತ್ತಾರೆ. ಆ ಹುಡುಗನ ಮಾತೂ ಮತ್ತೆ ಬರುವುದಿಲ್ಲ.

ಐದನೇ ಅಂಕದ ಕೊನೆಗೆ, ಮನೆಯವರೆಲ್ಲ ಮಲಗಿದ ಮೇಲೆ ಇಬ್ಬರೂ ಒಟ್ಟಿಗೆ ಬರುತ್ತಾರೆ. ಮೂರೂ ಜೋಡಿಗಳ ಹಾಸಿಗೆಯನ್ನು ಓಬೆರಾನ್ ಹೊಲದ ಇಬ್ಬನಿಯಿಂದ ಹರಸುತ್ತಾನೆ. ಹುಟ್ಟುವ ಮಕ್ಕಳಿಗೆ ಸೀಳುತುಟಿ ಇರದಿರಲಿ, ಮಚ್ಚೆ ಇರದಿರಲಿ, ಒಂದು ಗುರುತೂ ಇರದಿರಲಿ ಅನ್ನುತ್ತಾನೆ. ಹೆರಿಗೆಯಲ್ಲಿ ಸತ್ತ ಹೆಂಗಸಿನ ಕಥೆ ಕೇಳಿ 'ಎಷ್ಟು ದಿನ ಇರುತ್ತೀಯ' ಅಂದವನು ಇವನೇ. ಈಗ ಹುಟ್ಟುವ ಕೂಸುಗಳ ತುಟಿಯ ತನಕ ಯೋಚಿಸುತ್ತಿದ್ದಾನೆ. ಆ ಕಥೆ ಅವನ ಕಿವಿಗೆ ಅವತ್ತು ಬಿದ್ದಿತ್ತು, ಒಳಗೆ ಇಳಿಯಲು ಇಷ್ಟು ಹೊತ್ತು ಹಿಡಿಯಿತು ಅಂತ ನಾನು ಓದುತ್ತೇನೆ.

ಹಾಗಾಗಿ ತಾಲೀಮಿಗೆ ಹೋದಾಗ ನಿಮ್ಮ ಗೆಳತಿಯ ಜೊತೆ ಕೂತು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ನಾಲ್ಕನೇ ಅಂಕದಿಂದ ಐದನೇ ಅಂಕಕ್ಕೆ ಹಾರಿ ಬರುವ ದಾರಿಯಲ್ಲಿ ಅವಳ ಪ್ರಶ್ನೆಗೆ ಅವನು ಏನು ಹೇಳಿದ? ಎಲ್ಲವನ್ನೂ ಹೇಳಿದನೇ, ಅರ್ಧ ಹೇಳಿದನೇ, ಮುಚ್ಚಿಟ್ಟನೇ? ಅದನ್ನು ನೀವಿಬ್ಬರೂ ಒಪ್ಪಿಕೊಂಡ ಮೇಲೆ, ಹರಸಲು ಬರುವಾಗ ಅವಳು ನಿಮ್ಮ ಕೈಯನ್ನು ಹೇಗೆ ಹಿಡಿದಿರಬೇಕು ಅನ್ನುವುದನ್ನು ಅವಳಿಗೇ ಬಿಡಿ.